ಒಂಬತ್ತನೇ ನಂಬರಿನ ಕೋಲು

ಮದುವೆಯಾದ ಹೊಸತರಲ್ಲಿ, ಮಾವನ ಮನೆಯ ಊಟದ ಮೇಜಿನಲ್ಲಿ, ಅಳಿಯ ಬಡಾಯಿ ಕೊಚ್ಚಿಕೊಂಡಿದ್ದ. ಮಾವ ಅರ್ಧ ಆಯಸ್ಸು ಹೊಳೆಯಲ್ಲಿ ನಿಂತವರು. ಡ್ರೈ ಫ್ಲೈ, ಅಂದರೆ ಗರಿ ಸುತ್ತಿ ಮಾಡಿದ ನಕಲಿ ನೊಣವನ್ನು ನೀರಿನ ಮೇಲೆ ತೇಲಿಬಿಟ್ಟು ಮೀನು ಹಿಡಿಯುವುದು ಬಿಟ್ಟರೆ ಬೇರೆ ಗೊತ್ತಿಲ್ಲ ಎಂದರು. ಅಳಿಯ ಸುಮ್ಮನಿರಬೇಕೋ ಬೇಡವೋ! ನೊಣವನ್ನು ನೀರೊಳಗೆ ಮುಳುಗಿಸಿ ಹಿಡಿಯುವ ನಿಂಫ್ ನನ್ನ ಎಡಗೈ ಆಟ ಎಂದುಬಿಟ್ಟ. ಅವನು ಕೈಯಲ್ಲಿ ಹಿಡಿದದ್ದು ಮೊಬೈಲು ಮಾತ್ರ. ಅದರಲ್ಲಿ ವಿಡಿಯೋ ನೋಡಿದ್ದ.

ಅತ್ತೆ ತೀರಿಕೊಂಡ ಮೇಲೆ ಮಾವ ಹೊಳೆಯ ಕಡೆ ತಲೆ ಹಾಕಿರಲಿಲ್ಲ. ಹೋದ ವಾರ ತಾವಾಗಿಯೇ ಫೋನು ಮಾಡಿದರು. "ಅಳಿಯಂದಿರೇ, ನನ್ನ ಹಳೇ ಗಾಳದ ಕೋಲು ಮುರಿದುಹೋಗಿದೆ. ಡ್ರೈ ಫ್ಲೈ, ನಿಂಫ್ ಎರಡಕ್ಕೂ ಆಗೋ ಅಂಥದ್ದೊಂದು ನೀವೇ ಆರಿಸಿಕೊಡಿ. ನಿಂಫ್ ಕಲಿಸಿ."

ಹೆಂಡತಿಗೆ ಕಣ್ಣು ತುಂಬಿ ಬಂತು. "ರೀ, ಅಪ್ಪ ಮನೆಯಿಂದ ಹೊರಗೆ ಹೊರಟಿದ್ದೇ ದೊಡ್ಡದು. ಏನಾದ್ರೂ ಹೇಳಿ ತಪ್ಪಿಸಬೇಡಿ." ಇನ್ನು ನಿಜ ಹೇಳುವುದೆಲ್ಲಿ ಬಂತು?

ಮಾವನನ್ನು ಕರೆದುಕೊಂಡು ಹೋದ ಗಾಳದ ಅಂಗಡಿಯಲ್ಲಿ ಕೋಲುಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ಕೌಂಟರಿನ ಹುಡುಗಿ ಒಂದನ್ನು ಎತ್ತಿಕೊಟ್ಟಳು. "ಎರಡಕ್ಕೂ ಅಂದ್ರೆ ಇದು ನೋಡಿ ಸರ್, ಹತ್ತಡಿ, ನಾಲ್ಕನೇ ನಂಬರ್. ತುದಿ ಮೆತ್ತಗಿದೆ. ನೀರಿನ ಮೇಲೆ ಬಿಟ್ರೆ ನೊಣ ಸದ್ದಿಲ್ಲದೆ ಕೂರುತ್ತೆ, ಒಳಗೆ ಮೀನು ಸುಮ್ನೆ ಮುಟ್ಟಿದ್ರೂ ಕೈಗೆ ಗೊತ್ತಾಗುತ್ತೆ."

ಅಳಿಯನ ಕಣ್ಣು ಪಕ್ಕದ ಕಪ್ಪು ಕೋಲಿನ ಮೇಲಿತ್ತು. ಬುಡದಲ್ಲಿ ಒಂಬತ್ತು ಎಂದಿತ್ತು. ನಾಲ್ಕಕ್ಕಿಂತ ಒಂಬತ್ತು ದೊಡ್ಡದು, ದೊಡ್ಡದೆಂದರೆ ಒಳ್ಳೆಯದು, ಅಷ್ಟೇ ಅವನ ಲೆಕ್ಕ. "ನಾಲ್ಕು ಯಾವ ಮೂಲೆಗೆ? ಆ ಒಂಬತ್ತು ಕೊಡು."

"ಸರ್, ಅದು ಸಮುದ್ರದ ದೊಡ್ಡ ಮೀನಿಗೆ..."

ಮಾವ ಪಕ್ಕದಲ್ಲೇ ನಿಂತಿದ್ದರು. ಅಳಿಯ ದನಿ ಏರಿಸಿದ. "ಏನಮ್ಮಾ, ಯಾವತ್ತಾದ್ರೂ ಹೊಳೆಗೆ ಇಳಿದಿದ್ದೀಯಾ? ಡಬ್ಬದ ಮೇಲೆ ಬರೆದಿದ್ದು ಓದ್ಕೊಂಡು ನನಗೇ ಪಾಠ ಹೇಳ್ತೀಯಾ?"

ಒಳಗಿಂದ ಯಜಮಾನ ಓಡಿಬಂದ. "ಕೇಳಿದ್ದು ಕೊಡೋದಷ್ಟೇ ನಿನ್ನ ಕೆಲಸ. ಎಷ್ಟು ಸಲ ಹೇಳ್ಬೇಕು?" ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹುಡುಗಿ ತಲೆ ಎತ್ತದೆ ಒಂಬತ್ತನೇ ನಂಬರನ್ನು ಚೀಲಕ್ಕೆ ತುಂಬಿದಳು.

"ಅಳಿಯಂದಿರು ಹೇಳಿದ ಮೇಲೆ ಮುಗೀತು," ಎಂದರು ಮಾವ.

ಕಾರಿನಲ್ಲಿ ಕೂತ ಮೇಲೆ ಅಳಿಯನಿಗೆ ಕೀಲಿ ತಿರುಗಿಸಲು ಆಗಲಿಲ್ಲ. ಈ ಮನುಷ್ಯ ನನ್ನನ್ನು ನಂಬಿ ಸಮುದ್ರದ ಕೋಲು ಹೊತ್ತು ಹೊಳೆಗೆ ಹೊರಟಿದ್ದಾರಲ್ಲ ಎಂದುಕೊಂಡು ಅವರ ಕಡೆ ತಿರುಗಿದ.

"ಮಾವ, ನನಗೆ ನಿಂಫೂ ಗೊತ್ತಿಲ್ಲ, ಮಣ್ಣೂ ಗೊತ್ತಿಲ್ಲ. ಗಾಳ ಹಿಡಿದೇ ಇಲ್ಲ."

"ಗೊತ್ತು."

"ಯಾವಾಗಿಂದ?"

"ಮೊದಲ ದಿನದಿಂದ. ಜೊತೆಗೊಬ್ಬರು ಬಂದ್ರೆ ಸಾಕಾಗಿತ್ತು ನನಗೆ. ಮೀನು ಯಾರಿಗೆ ಬೇಕು?"

"ಮತ್ತೆ ಇದನ್ನ ಯಾಕೆ ತಗೊಂಡ್ರಿ?"

"ಅಷ್ಟು ಜನರೆದುರು ನಿಮ್ಮ ಮಾನ ಹೋಗೋದು ಬೇಡ ಅಂತ." ಮಾವ ಕಿಟಕಿಯಾಚೆ ನೋಡಿದರು. "ನಿಮ್ಮ ಮಾನ ಉಳಿಸೋಕೆ ಹೋಗಿ ಆ ಮಗುವಿನ ಮಾನ ಹೋಗುವಾಗ ಸುಮ್ಮನೆ ನಿಂತಿದ್ದೆ. ನನಗೂ ನಾಚಿಕೆ ಆಗ್ತಿದೆ. ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ."

ಅಳಿಯ ಕೋಲು ಹಿಡಿದು ಮತ್ತೆ ಅಂಗಡಿಯ ಮೆಟ್ಟಿಲು ಹತ್ತಿದ. ಕ್ಷಮಿಸಮ್ಮ ಎನ್ನಬೇಕೋ, ನೀನು ಹೇಳಿದ್ದೇ ಸರಿ ಎನ್ನಬೇಕೋ, ಮಾತು ಹೊಂದಿಸಿಕೊಳ್ಳುತ್ತಲೇ ಬಾಗಿಲು ತಳ್ಳಿದ. ಅವನನ್ನು ಕಂಡದ್ದೇ ಹುಡುಗಿ ಕುರ್ಚಿಯಿಂದ ಎದ್ದು ನಿಂತಳು. ಒಮ್ಮೆ ಯಜಮಾನನ ಕಡೆ ನೋಡಿ, ಅಳಿಯ ಬಾಯಿ ತೆರೆಯುವ ಮೊದಲೇ ಹೇಳಿದಳು:

"ಸಾರಿ ಸರ್, ನಂದೇ ತಪ್ಪು. ಇನ್ಮೇಲೆ ಹಾಗೆಲ್ಲ ಮಾತಾಡಲ್ಲ."