ಮುನ್ನೂರ ಎಂಬತ್ತು ಮೀಟರ್

—ಮೂರು ದೀಪ ಹಸಿರಾಗಿವೆ, ನಾಲ್ಕನೆಯದು ಹತ್ತಲೋ ಬೇಡವೋ ಎಂದು ಮಿಟುಕುತ್ತಿದೆ, ಎಸ್ಟೇಟಿನ ಕೂಲಿ ಲೈನಿನ ಹಂಚಿನ ಮೇಲೆ ಪುಟ್ಟ ಮಾವ ನಿಲ್ಲಿಸಿದ ಕಬ್ಬಿಣದ ಪೈಪು, ಅದರ ತುದಿಯಲ್ಲಿ ಇಂಟರ್ನೆಟ್ ಹಿಡಿಯುವ, ಊಟದ ತಟ್ಟೆಯಷ್ಟಗಲದ ಬಿಳಿ ರೇಡಿಯೋ, ಅದನ್ನೇ ನೋಡುತ್ತ ಮಾಲತಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಾಳೆ, ಮಳೆ ಬಿಟ್ಟ ಬಿಸಿಲು ಬೆನ್ನಿಗೆ ಬೀಳುತ್ತಿದೆ, ಹೊಟ್ಟೆಯಲ್ಲಿ ಅಮ್ಮ ಮಾಡಿದ ರೊಟ್ಟಿ, ಕಳಲೆ ಪಲ್ಯ, ಮಡಿಕೇರಿಯ ಮೊದಲ ಬಸ್ಸಿನ ಕುಲುಕಾಟವೆಲ್ಲ ಆ ಪಲ್ಯದ ಖಾರಕ್ಕೆ ಮರೆತೇಹೋಗಿದೆ, ಬೆರಳುಗಳಿಗೆ ಕೆಲಸ ಗೊತ್ತಿದೆ, ಇಷ್ಟು ನೆಮ್ಮದಿಯಾಗಿರುವುದು ತಪ್ಪೇನೋ, ಹನ್ನೊಂದಕ್ಕೆ ಅಮ್ಮನ ವಿಚಾರಣೆ, ಈಗಾಗಲೇ ಹತ್ತೂವರೆ. ಮನೆಯ ಮುಂದೆಯೇ ಕೂತು, ಮನೆಯನ್ನು ತೋರಿಸುತ್ತ, ವಿಡಿಯೋದಲ್ಲಿ ಹಾಜರಾಗಬೇಕೆಂದು ನೋಟಿಸು — ನಲವತ್ತು ವರ್ಷ ಇದೇ ಲೈನಿನಲ್ಲಿದ್ದು ಕಾಫಿ ಕುಯ್ದವಳು ತಾನು ಇಲ್ಲಿದ್ದೇನೆಂದು ತೋರಿಸಿಕೊಡಬೇಕಂತೆ, ಯಾಕೆಂದರೆ ಲೈನು ನಿಂತಿರುವುದು ಸರ್ಕಾರದ ಪೈಸಾರಿ ಜಾಗದ ಮೇಲೆ, ಇದರ ಹಕ್ಕುಪತ್ರ ಕೊಡಿ ಎಂದು ಅಮ್ಮ, ಚೋಮಿ ಎಂಬ ಹೆಂಗಸು, ಅರ್ಜಿ ಹಾಕಿದರೆ ಎಸ್ಟೇಟಿನವರು ಬರೆದುಕೊಟ್ಟಿದ್ದಾರೆ, ಆ ಲೈನು ಖಾಲಿ, ಅಲ್ಲಿ ಯಾರ ವಾಸವೂ ಇಲ್ಲ. ಇಲ್ಲವಂತೆ. ಹಾಗಾದರೆ ಈ ಒಲೆಯ ಹೊಗೆ ಯಾರದು, ಹಗ್ಗದ ಮೇಲಿನ ಲಂಗ ಯಾರದು, ಬೆಳಗಾದರೆ ಎಸ್ಟೇಟಿನ ರೈಟರ್ ಧರ್ಮಪಾಲ ಹಾಜರಿ ಕೂಗುವಾಗ ಓ ಎನ್ನುವವರು ದೆವ್ವಗಳೇ, ದೆವ್ವಗಳು ಕುಯ್ದ ಕಾಫಿಯನ್ನೇ ಊರೆಲ್ಲ ಕುಡಿಯುತ್ತಿದೆಯೇ — ಹೋದ ತಿಂಗಳು ಮಡಿಕೇರಿಯಲ್ಲಿ ತಾನು ಕೆಲಸ ಮಾಡುವ ಇಂಟರ್ನೆಟ್ ಆಫೀಸಿನ ಮೆಟ್ಟಿಲ ಮೇಲೆ ನಿಂತು ಮಾಲತಿಯೂ ಫೋನಿನಲ್ಲಿ ವಿಚಾರಣೆ ನೋಡುತ್ತಿದ್ದಳು, ಚೋಮಿಯವರೇ ಇದ್ದೀರಾ ಎಂದರು ಅಧಿಕಾರಿ ಮೇಡಂ, ಅಮ್ಮ ಬಾಯಿ ತೆರೆದಳು, ಚಿತ್ರ ಅಲ್ಲೇ ನಿಂತುಬಿಟ್ಟಿತು, ತೆರೆದ ಬಾಯಿ, ಎಲೆಯಡಿಕೆಗೆ ಕೆಂಪಾದ ಕೆಳಗಿನ ಹಲ್ಲು, ಹೊರಡದ ಮಾತು. ಅರ್ಜಿದಾರರು ಗೈರು, ಇನ್ನೊಂದು ಅವಕಾಶ ಕೊಡೋಣ, ಇದೇ ಕೊನೆ.

ಈ ಪುಟಕ್ಕೆ ಮಾತ್ರ ಕೈ ಹಾಕಬೇಡ ಮಾರಾಯ್ತಿ, ಅಡ್ವಾನ್ಸ್‌ಡ್ ರೇಡಿಯೋ ಸೆಟ್ಟಿಂಗ್ಸ್ ಅಂದ್ರೆ ಜೇನುಗೂಡು, ಎಂದಿದ್ದರು ಕೆಲಸ ಕಲಿಸಿದವರು, ಆಮೇಲೆ ಎಷ್ಟು ಜೇನುಗೂಡಿಗೆ ಕೈ ಹಾಕಿದಳೋ, ಪ್ರವಾಸಿಗರು ಈಜುಕೊಳದ ಅಂಚಿನಲ್ಲಿ ಕೂತು ಸಿನಿಮಾ ನೋಡಲೆಂದು ಎಷ್ಟು ಹೋಮ್‌ಸ್ಟೇಗಳಲ್ಲಿ ಏಣಿ ಹತ್ತಿದಳೋ, ಇವತ್ತು ಮೊದಲ ಸಲ ತನ್ನ ಹಂಚಿನ ಕೆಳಗೆ. ಎದುರು ಗುಡ್ಡದ ಲೈಬ್ರರಿಯ ಮೇಲೆ ಇದರದೇ ಜೋಡಿ ರೇಡಿಯೋ, ಇಂಟರ್ನೆಟ್ ಅಲ್ಲಿಗೆ ಬಂದು ಅಲ್ಲಿಂದ ಇಲ್ಲಿಗೆ ಹಾರುತ್ತದೆ, ಲೈಬ್ರರಿಯ ಓದುಕೂಟದವರು ಸೇರಿ ತಂದದ್ದು, ಮಾಲತಿ ಫೋನಿನಲ್ಲಿ ಹೇಳಿದಂತೆ ಪುಟ್ಟ ಮಾವ ಹೂಡಿದ್ದು, ಹೇಳದೆ ಇದ್ದದ್ದನ್ನೂ ಒತ್ತಿದ್ದು. ಪವರ್ ಪೂರ್ತಿ ಏರಿಸಿದ್ದಾನೆ. ಜೋರಾಗಿ ಕೂಗಿದ್ರೆ ತಾನೇ ಆಚೆಯವರಿಗೆ ಕೇಳೋದು ಮಗಳೇ? ಗಂಟಲು ಹರಿಯೋ ಹಾಗೆ ಕೂಗಿದ್ರೆ ಮಾತು ಒಡೀತದೆ ಮಾವಾ — ಇಳಿಸಿದಳು. ಚಾನೆಲ್ಲಿನ ಅಗಲ ಎಂಬತ್ತು ಮೆಗಾಹರ್ಟ್ಸ್, ಅಷ್ಟಗಲ ಬಾಗಿಲು ತೆರೆದಿಟ್ಟರೆ ಎಸ್ಟೇಟ್ ಬಂಗಲೆಯ ವೈಫೈ ರೇಡಿಯೋಗಳ ಗದ್ದಲವೆಲ್ಲ ಒಳಗೇ, ಇಪ್ಪತ್ತು ಸಾಕು, ಒಬ್ಬ ಹೆಂಗಸಿನ ಮಾತು ದಾಟುವಷ್ಟು. ಅದರ ಕೆಳಗೆ ದೂರ ಎಂಬ ಖಾನೆ, ಅದರಲ್ಲಿ ಎರಡು ಸಾವಿರದ ಐನೂರು. ಇದನ್ನ ಯಾರು ಹಾಕಿದ್ದು ಮಾವಾ? ನಾನೇ, ಇನ್ಯಾರು, ಎಷ್ಟು ದೂರ ಅಂತ ಕೇಳ್ತು, ಎರಡೂವರೆ ಕಿಲೋಮೀಟರ್ ಅಂತ ಹಾಕಿದೆ, ದಿನಾ ನಡೆಯೋ ಕಾಲಿಗೆ ಗೊತ್ತಿಲ್ವಾ? ಅಗೋ ಲೈಬ್ರರಿ ಇಲ್ಲೇ ಕಾಣ್ತದಲ್ಲ, ನೇರಕ್ಕೆ ಮುನ್ನೂರ ಎಂಬತ್ತು ಮೀಟರ್. ಸುಮ್ನಿರೇ, ಮುನ್ನೂರಂತೆ, ಹಾಗಾದ್ರೆ ಇಷ್ಟು ವರ್ಷ ನಾನೇನು ಸೊಕ್ಕಿಗೆ ಸುತ್ತು ಹಾಕಿದ್ನಾ? ಮಾಲತಿ ನಕ್ಕಳು, ಅಮ್ಮನೂ ನಕ್ಕಳು. ನಡುವೆ ಎಸ್ಟೇಟಿನ ಯಜಮಾನ ಉತ್ತಯ್ಯ ಸಾಹುಕಾರ್ರ ಬಂಗಲೆ, ಹೂದೋಟ, ಗೇಟು, ಗೇಟಿನಲ್ಲಿ ವಾಚ್‌ಮನ್, ಲೈನಿನವರು ಆಚೆಯಿಂದ ಹೋಗಿ ಎನ್ನುತ್ತಾನೆ, ಎಂದರೆ ಬೇಲಿಗುಂಟ ಇಳಿದು, ಕೆರೆ ಸುತ್ತಿ, ಕಾಫಿ ಒಣಗಿಸುವ ಕಣ ದಾಟಿ ರಸ್ತೆಗೆ, ಮಾಲತಿಯನ್ನು ಹೆರುವ ನೋವು ಬಂದ ದಿನ ಅಮ್ಮನನ್ನು ಕಂಬಳಿಯಲ್ಲಿ ಹೊತ್ತವರೂ ಇದೇ ಸುತ್ತು ಸುತ್ತಿದರು, ಗೇಟು ತೆರೆಯಲಿಲ್ಲ. ಮಾವ ತಪ್ಪು ಅಳೆದಿಲ್ಲ, ಕಾಲಿಗೆ ಕೊಟ್ಟ ದಾರಿಯನ್ನು ಅಳೆದಿದ್ದಾನೆ. ರೇಡಿಯೋ ಅದನ್ನು ನಂಬಿದೆ, ಮಾತು ಕಳಿಸಿ, ಸಿಕ್ಕಿತು ಎಂಬ ಮರುಮಾತು ಅಷ್ಟು ದೂರದಿಂದ ಬರಬೇಕಲ್ಲ ಎಂದು ಕಾಯುತ್ತದೆ, ಒಂದೊಂದು ಮಾತಿಗೂ ಕಾಯುತ್ತದೆ, ನಮ್ಮವರ ಹಾಗೆಯೇ ಕಾಯುವುದನ್ನು ಕಲಿತಿದೆ, ಸಾಕು ಕಾದದ್ದು. ಅಳಿಸಿದಳು. ಮೂರು, ಎಂಟು, ಸೊನ್ನೆ. ಆಹಾ, ಮಲ್ಲಿಗೆ ಮುಡಿದಷ್ಟು ಸುಖ, ಇನ್ನು ನೇರ, ಗೇಟಿನ ಮೇಲಿಂದ, ಗುಲಾಬಿಯ ಮೇಲಿಂದ, ಸಾಹುಕಾರ್ರ ಹಂಚಿನ ನೆತ್ತಿಯ ಮೇಲಿಂದ, ಯಾರು ನೀನು ಎಂದು ಕೇಳುವ ವಾಚ್‌ಮನ್ ಅಲ್ಲಿಲ್ಲ, ಗಾಳಿಗೆ ಇನ್ನೂ ಯಾರೂ ಬೇಲಿ ಹಾಕಿಲ್ಲ. ಮೊದಲು ಆಚೆಯ ರೇಡಿಯೋಗೆ, ಆಮೇಲೆ ಈಚೆಯದಕ್ಕೆ, ಹಿಂದುಮುಂದಾದರೆ ಆಚೆಯದು ಕೈತಪ್ಪುತ್ತದೆ, ಕೈತಪ್ಪಿದರೆ ಅದೇ ಎರಡೂವರೆ ಕಿಲೋಮೀಟರ್ ಓಡಬೇಕು, ಹತ್ತು ನಲವತ್ತೇಳು, ಓಡಿ ಮುಟ್ಟುವಷ್ಟು ಹೊತ್ತಿಲ್ಲ — ಅಪ್ಲೈ.

ದೀಪಗಳೆಲ್ಲ ಆರಿದವು, ಹೊಸ ಲೆಕ್ಕ ಹಿಡಿದು ರೇಡಿಯೋ ಮತ್ತೆ ಏಳಬೇಕು. ಅಮ್ಮ ಕೇಳುತ್ತಾಳೆ, ಈ ಹಳೇ ಸೀರೆ ಸಾಕೇನೇ, ಹೊಸದು ಉಟ್ರೆ ಇಲ್ಲಿಯವಳೇ ಅಲ್ಲ ಅಂತಾರೋ ಏನೋ, ಸಾಕಮ್ಮ, ಚೆನ್ನಾಗಿದೆ, ಬೆನ್ನಿನ ಬಿಸಿಲು ಈಗ ಚುಚ್ಚುತ್ತಿದೆ, ಒಂದು ನಿಮಿಷ, ಒಂದೂವರೆ, ಕೆಳಗಿನ ದಾರಿಯಲ್ಲಿ ರೈಟರ್ ಧರ್ಮಪಾಲ, ಕಂಕುಳಲ್ಲಿ ಹಾಜರಿ ಪುಸ್ತಕ, ಏನು ಮಾಲತಿ, ಟಿವಿ ಬರ್ತಿಲ್ವಾ? ಹನ್ನೊಂದಕ್ಕೆ ಬರ್ತದೆ ರೈಟ್ರೇ, ಕೂತು ನೋಡ್ಕೊಂಡು ಹೋಗಿ, ಖಾಲಿ ಲೈನಿನ ಪಿಕ್ಚರ್. ಅವನು ನೆಲ ನೋಡುತ್ತ ನಡೆದ, ಮಾವ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡ, ದೀಪ ಒಂದು ಹತ್ತಿತು, ಎರಡು, ಮೂರು, ಮೂರೇ, ಪವರ್ ಇಳಿಸಿದ್ದೇನಲ್ಲ, ಮೂರೇ ಸಾಕು. ಹನ್ನೊಂದು ಗಂಟೆ, ಹೊಸ್ತಿಲಿಗೆ ಬೆನ್ನು ಕೊಟ್ಟು ಅಮ್ಮ, ಎದುರಿಗೆ ಸ್ಟೂಲಿನ ಮೇಲೆ ಲ್ಯಾಪ್‌ಟಾಪು, ಮಾಲತಿ ತನ್ನ ಫೋನಿನಲ್ಲೂ ಅದೇ ವಿಚಾರಣೆ ತೆರೆದು ಗೋಡೆಗೊರಗಿದ್ದಾಳೆ, ಆ ಕಡೆಯವರಿಗೆ ಕಾಣುವುದು ತನಗೂ ಕಾಣಬೇಕು, ಮೇಡಂ ಕಾಗದ ಮಗುಚಿದರು, ಚೋಮಿಯವರೇ ಇದ್ದೀರಾ, ಹೊಸ್ತಿಲಲ್ಲಿ ಅಮ್ಮ ಬಾಯಿ ತೆರೆದಳು, ಫೋನಿನಲ್ಲಿ ಅಮ್ಮನ ಬಾಯಿ ಇನ್ನೂ ಮುಚ್ಚಿದೆ, ಈಗ ತೆರೆಯಿತು, ಅದೇ ಬಾಯಿ, ಅದೇ ಕೆಂಪು ಹಲ್ಲು, ತೆರೆದೇ ಇದೆ, ಹೊಸ್ತಿಲಿನಿಂದ ದನಿ ಬಂತು, ಇದ್ದೇನೆ ಮೇಡಂ, ಇಲ್ಲೇ ಇದ್ದೇನೆ, ಫೋನಿನಲ್ಲಿ ಬಾಯಿ, ತೆರೆದ ಬಾಯಿ, ಬಾಯಿ — ತುಟಿ ಅಲುಗಿತು, ಇದ್ದೇನೆ ಮೇಡಂ ಎಂದಿತು, ಮುಚ್ಚಿತು, ಮತ್ತೆ ತೆರೆಯಿತು, ಮತ್ತೆ.