ಬಿಸಿಗಾಳಿಯ ಪೆಟ್ಟಿಗೆ

ಊಟಿಯ ಟೀ ತೋಟದ ಬಿಳಿ ದೊರೆಯೊಬ್ಬ ಇಂಗ್ಲೆಂಡಿಗೆ ವಾಪಸು ಹೊರಟಾಗ ಅವನ ಅಮೆರಿಕಾ ಕಾರನ್ನು ಮದ್ದೂರಿನ ದೊಡ್ಡಸಿದ್ದಯ್ಯನವರು ಕೊಂಡು ತಂದರು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ, ಪೆಟ್ರೋಲು ಬೇಕಾದಷ್ಟು ಸಿಗುತ್ತಿತ್ತು. ಕಾರು ಓಡುತ್ತದೆ ಎಂಬುದು ಅವರಿಗೆ ದೊಡ್ಡ ಸಂಗತಿಯೇ ಅಲ್ಲ, ಬಸ್ಸೂ ಓಡುತ್ತದೆ. ಅವರ ಹೆಮ್ಮೆಯೆಲ್ಲ ಮುಂದಿನ ಸೀಟಿನ ಕಾಲ ಬುಡದಲ್ಲಿ ಕೂರಿಸಿದ್ದ ಒಂದು ಕರಿ ತಗಡಿನ ಪೆಟ್ಟಿಗೆಯ ಮೇಲೆ. ತಿರುಪು ತಿರುಗಿಸಿದರೆ ಅದರಿಂದ ಬಿಸಿಗಾಳಿ ಬರುತ್ತಿತ್ತು. ವರ್ಷಕ್ಕೆ ಒಂದೂವರೆ ತಿಂಗಳು ಬೆಳಗಿನ ಹೊತ್ತು ಬಿಟ್ಟರೆ ಮಂಡ್ಯ ಸೀಮೆಯಲ್ಲಿ ಇದರಿಂದ ಯಾರಿಗೇನು ಉಪಯೋಗ ಎಂದು ಕೇಳುವ ಗಂಡಸು ಊರಲ್ಲಿ ಇರಲಿಲ್ಲ. ಮಟಮಟ ಮಧ್ಯಾಹ್ನದಲ್ಲಿ ದೊಡ್ಡಸಿದ್ದಯ್ಯನವರು ನೆಂಟರನ್ನು ಕೂರಿಸಿಕೊಂಡು ತಿರುಪು ತಿರುಗಿಸಿ, ಮೊದಲೇ ಬೆವರುತ್ತಿದ್ದವರನ್ನು ಇನ್ನಷ್ಟು ಬೆವರಿಸಿ ಕಳಿಸುತ್ತಿದ್ದರು. ಆ ನೆಂಟರೂ ಪಾಪ, ಮುಖ ಒರೆಸಿಕೊಳ್ಳುತ್ತಾ ಹೊಗಳಿಯೇ ಇಳಿಯುತ್ತಿದ್ದರು.

ಆ ಕಾರಿಗೆ ಇಬ್ಬರು ಆಳು. ಓಡಿಸುವವನೂ ರಿಪೇರಿ ಮಾಡುವವನೂ ನಿಂಗಯ್ಯ. ದೊಡ್ಡಸಿದ್ದಯ್ಯನವರ ಸೋದರತ್ತೆಯ ಮೊಮ್ಮಗ, ಮನೆಯೊಳಗೇ ಉಣ್ಣುವವನು. ಮಂಡ್ಯದ ವರ್ಕ್‌ಷಾಪಿನಲ್ಲಿ ಎರಡು ವರ್ಷ ಪಳಗಿ ಬಂದಿದ್ದ. ಇನ್ನೊಬ್ಬ ಕರಿಯಯ್ಯ. ಗೆಜ್ಜಲಗೆರೆಯ ಊರಾಚೆ ಕೇರಿಯವನು, ಐವತ್ತು ದಾಟಿದವನು. ಕಾರು ತೊಳೆಯುವುದು, ಎಂಜಿನ್ನಿಗೆ ನೀರು ತುಂಬುವುದು ಅವನ ಕೆಲಸ. ಮನೆಯ ಹಿತ್ತಲಲ್ಲೇ ಬಾವಿಯಿದ್ದರೂ ಅದಕ್ಕೆ ಅವನು ಬಿಂದಿಗೆ ಇಳಿಸುವ ಹಾಗಿರಲಿಲ್ಲ. ದಿನಾ ಬೆಳಿಗ್ಗೆ ನಾಲೆಗೆ ಹೋಗಿ ಹೊತ್ತು ತಂದು, ಬಟ್ಟೆ ಕಟ್ಟಿ ಒಂದಲ್ಲ ಎರಡು ಸಲ ಸೋಸಿ ತುಂಬುತ್ತಿದ್ದ. ಇದನ್ನು ನಿಂಗಯ್ಯ ದಿನವೂ ಕಣ್ಣಾರೆ ನೋಡುತ್ತಿದ್ದ.

ಆ ವರ್ಷದ ಮಾಗಿಯಲ್ಲಿ ದೊಡ್ಡಸಿದ್ದಯ್ಯನವರ ಮಗಳು ಮಂಗಳಮ್ಮ ಐದು ತಿಂಗಳ ಕೂಸಿನೊಂದಿಗೆ ಗಂಡನ ಮನೆಗೆ ಹೊರಟಳು. ಕರೆದೊಯ್ಯಲು ಮಳವಳ್ಳಿಯಿಂದ ಬೀಗಿತ್ತಿ ಚಿಕ್ಕನಂಜಮ್ಮನೇ ಬಂದಿದ್ದರು. ಹೊತ್ತು ಮೂಡುವ ಮುಂಚೆ ಹೊರಡುವ ಮುಹೂರ್ತ. ಗದ್ದೆಯ ಮೇಲೆಲ್ಲ ಮಂಜು, ಎದುರಿಗಿರುವ ಮನುಷ್ಯ ಕಾಣದಷ್ಟು. ಬೀಗಿತ್ತಿ ಎರಡು ಕಂಬಳಿ ಕಂಕುಳಲ್ಲಿಟ್ಟುಕೊಂಡು ಬಂದರೆ, ದೊಡ್ಡಸಿದ್ದಯ್ಯನವರು ಅವನ್ನು ಕಿತ್ತು ಜಗಲಿಯ ಮೇಲೆಸೆದರು.

"ನಮ್ ಕಾರಿಗೆ ಕಂಬ್ಳಿ ಯಾಕವ್ವ? ಒಳಗೆ ಕುಂತ್ರೆ ಒಲೆ ಮುಂದೆ ಕುಂತಂಗೆ."

ಎರಡು ಮೈಲಿ ಹೋಯಿತು, ನಾಲ್ಕು ಮೈಲಿ ಹೋಯಿತು. ತಿರುಪು ಕೊನೆಯವರೆಗೂ ತಿರುಗಿತ್ತು. ಪೆಟ್ಟಿಗೆಯಿಂದ ಬಂದದ್ದು ಮಂಜಿಗಿಂತ ತಣ್ಣನೆಯ ಗಾಳಿ. ಕೂಸು ಎರಡು ಸಲ ಸೀನಿತು.

"ಬೀಗ್ರೇ," ಚಿಕ್ಕನಂಜಮ್ಮ ಹಲ್ಲು ಕಟಕಟಿಸುತ್ತಾ ಕೇಳಿದರು, "ನಿಮ್ ಒಲೆ ಅತ್ಕಳದು ಮಳವಳ್ಳಿ ತಲುಪಿದ್ ಮ್ಯಾಕಾ?"

ಕೊನೆಗೆ ಬೀಗಿತ್ತಿಯೇ ಕಾರು ನಿಲ್ಲಿಸಲು ಹೇಳಿ, ಕಬ್ಬಿನ ಗದ್ದೆ ಕಾಯುವವನ ಗುಡಿಸಲಿನಿಂದ ಹೊಗೆ ನಾತದ ಕರಿ ಕಂಬಳಿಯೊಂದನ್ನು ಕೇಳಿ ಪಡೆದು, ಸೊಸೆಗೂ ಕೂಸಿಗೂ ಹೊದಿಸಿದರು. ಆ ಕಂಬಳಿಯಲ್ಲಿ ಸುತ್ತಿಕೊಂಡೇ ಮಗಳು ಗಂಡನ ಮನೆಯ ಬಾಗಿಲಲ್ಲಿ ಇಳಿದಳು. ಮಳವಳ್ಳಿಯ ಆ ಬೀದಿಯವರೆಲ್ಲ ಎದ್ದು ಬಂದು ನಿಂತಿದ್ದರು. ದೊಡ್ಡಸಿದ್ದಯ್ಯನವರ ಮಾನ ಹೋಯಿತು. ವಾಪಸು ಬರುವಾಗ ಅವರು ಹೇಳಿದ್ದು ಒಂದೇ ಮಾತು.

"ಇವತ್ತು ಸಂಜೆ ಒಳಗೆ ಅದಕ್ಕೇನಾಗದೆ ಅಂತ ನಂಗೆ ಏಳ್ಬೇಕು, ನಿಂಗ. ಯಾರ್ ಮಾಡುದ್ರು ಅಂತಲೂ ಏಳ್ಬೇಕು."

ನಿಂಗಯ್ಯ ಅಂಗಳದಲ್ಲೇ ಕೂತು ಕೆಲಸಕ್ಕೆ ಕೈ ಹಾಕಿದ. ಇಂಥ ಪೆಟ್ಟಿಗೆಯನ್ನು ಅವನು ಬಿಚ್ಚಿದವನೇ ಅಲ್ಲ. ಒಳಗೆ ಕರೆಂಟಿನಿಂದ ಕಾಯುವ ತಂತಿಯಿರಬೇಕು ಎಂದುಕೊಂಡಿದ್ದ. ಬಗ್ಗಿ ನೋಡಿದರೆ ತಂತಿಯಿದ್ದದ್ದು ಫ್ಯಾನಿಗೆ ಮಾತ್ರ, ಅದು ಸರಿಯಾಗಿಯೇ ತಿರುಗುತ್ತಿತ್ತು. ಪೆಟ್ಟಿಗೆಗೆ ಎಂಜಿನ್ನಿನಿಂದ ಎರಡು ರಬ್ಬರ್ ಕೊಳವೆ ಬಂದಿದ್ದವು. ಓಹೋ, ಎಂಜಿನ್ನಿನ ಬಿಸಿನೀರೇ ಇದರೊಳಗೆ ಸುತ್ತಿ ಹೋಗುತ್ತದೆ, ಫ್ಯಾನು ಅದರ ಶಾಖವನ್ನು ಹೊರಗೆ ಊದುತ್ತದೆ! ಎಂಜಿನ್ ಚಾಲೂ ಮಾಡಿ, ಕಾದ ಮೇಲೆ ಕೊಳವೆಗಳನ್ನು ಮುಟ್ಟಿ ನೋಡಿದ. ಒಂದು ಕೈಯಿಡಲಾಗದಷ್ಟು ಬಿಸಿ. ಇನ್ನೊಂದು ತಣ್ಣಗೆ. ನೀರು ಬಾಗಿಲವರೆಗೆ ಬರುತ್ತಿದೆ, ಒಳಗೆ ಹೋಗುತ್ತಿಲ್ಲ. ಸುಮ್ಮನೆ ಹೇಳಬಾರದು, ಇಷ್ಟನ್ನು ತಾನೇ ಕಂಡುಹಿಡಿದದ್ದಕ್ಕೆ ಅವನಿಗೆ ಬಹಳ ಖುಷಿಯಾಯಿತು.

ಎಂಜಿನ್ ಆರಲು ಬಿಟ್ಟು, ಕೊಳವೆ ಕಳಚಿ, ಪೆಟ್ಟಿಗೆಯನ್ನು ಹೊರಕ್ಕೆ ತೆಗೆದ. ಬಾಯಿಟ್ಟು ಊದಿದ. ಕೆನ್ನೆ ನೋಯುವಷ್ಟು ಊದಿದರೂ ಉಸಿರು ಆಚೆ ಬರಲಿಲ್ಲ. ಸಣ್ಣ ತಂತಿಯೊಂದನ್ನು ತೂರಿಸಿ ಕೆದಕಿದ. ತುದಿಗೆ ಕಂದು ಬಣ್ಣದ ಮೆತ್ತನೆಯ ಅಂಟು ಬಂತು. ಬೆರಳಲ್ಲಿ ಹೊಸಕಿ ಮೂಸಿದ.

ರಾಗಿ.

ಅವನ ಖುಷಿ ಅಲ್ಲಿಗೆ ಇಳಿಯಿತು. ದೀಪಾವಳಿಗೆ ಮುಂಚೆ ಒಬ್ಬನೇ ಕಾರು ತರುತ್ತಿದ್ದಾಗ ನಿಡಘಟ್ಟದ ಬಳಿ ರೇಡಿಯೇಟರು ಸೋರಿತ್ತು. ರಸ್ತೆ ಬದಿಯ ಮನೆಯ ಮಲ್ಲಿಗಮ್ಮ ಎಂಬಾಕೆಯ ಹತ್ತಿರ ಒಂದು ಬೊಗಸೆ ರಾಗಿ ಹಿಟ್ಟು ಕೇಳಿ ತಂದು ಅದರೊಳಕ್ಕೆ ಸುರಿದಿದ್ದ. ಲಾರಿಯವರೆಲ್ಲ ಮಾಡುವ ಉಪಾಯವೇ. ಹಿಟ್ಟು ಬಿಸಿನೀರಲ್ಲಿ ಬೆಂದು ತೂತಿಗೆ ಮೆತ್ತಿಕೊಳ್ಳುತ್ತದೆ, ಮನೆ ಸೇರಬಹುದು. ಆಮೇಲೆ ಗುಟ್ಟಾಗಿ ತೂತಿಗೆ ಬೆಸುಗೆ ಹಾಕಿಸಿ, ರೇಡಿಯೇಟರನ್ನು ನಾಲ್ಕು ಸಲ ತೊಳೆದಿದ್ದ. ದೊರೆಯ ಕಾರಿನ ಹೊಟ್ಟೆಗೆ ಮುದ್ದೆ ಹಾಕಿದೆ ಎಂದು ಯಜಮಾನರಿಗೆ ಹೇಳುವುದುಂಟೇ? ಆದರೆ ಅದೇ ನೀರು ಈ ಪೆಟ್ಟಿಗೆಗೂ ಬರುತ್ತದೆಂದು ಅವನಿಗೆ ಆಗ ಗೊತ್ತಿರಲಿಲ್ಲ. ಒಳಗಿನ ಸಣ್ಣ ಕೊಳವೆಗಳಲ್ಲಿ ಹಿಟ್ಟು ಕೂತು ಬರಬರುತ್ತಾ ಗಟ್ಟಿಯಾಗಿತ್ತು.

"ಏನ್ಲಾ ಅದು?"

ಯಜಮಾನರು ಬೆನ್ನ ಹಿಂದೆಯೇ ನಿಂತಿದ್ದರು. ನಿಂಗಯ್ಯ ಬೆರಳನ್ನು ಪಂಚೆಗೆ ಒರೆಸಿಕೊಂಡ.

"ಕೆಸರು," ಅಂದ.

"ಕೆಸರಾ? ನೀರು ಯಾರ್ ತುಂಬದು?"

ಯಾರು ತುಂಬುತ್ತಾರೆ ಎಂಬುದು ಅವರಿಗೂ ಗೊತ್ತಿತ್ತು. ನಿಂಗಯ್ಯ ಸುಮ್ಮನಿದ್ದಿದ್ದರೂ ಸಾಕಿತ್ತು. ಆದರೆ ಅವನ ಬಾಯಿಂದ ಹೆಸರು ಬಂದೇಬಿಟ್ಟಿತು.

"ಕರಿಯಯ್ಯ."

ಕರಿಯಯ್ಯ ಆಗ ಕಾರಿನ ಆ ಕಡೆ ಕೂತು ಚಕ್ರ ತೊಳೆಯುತ್ತಿದ್ದ. ದೊಡ್ಡಸಿದ್ದಯ್ಯನವರು ಬೆಳಗಿನಿಂದ ಒಳಗೆ ಇಟ್ಟುಕೊಂಡಿದ್ದನ್ನೆಲ್ಲ ಅವನ ಮೇಲೆ ಸುರಿದರು. ನಾಲೆಯ ಬಗ್ಗಡ ತಂದು ಹುಯ್ದ ಅಂದರು, ಬೀಗರ ಮುಂದೆ ಮಾನ ಕಳೆದ ಅಂದರು, ಅವನ ಅಪ್ಪ ಅಜ್ಜಂದಿರನ್ನೂ ಬಿಡಲಿಲ್ಲ. "ಸೋಸೇ ಹುಯ್ತಿದ್ದೆ ಬುದ್ದಿ, ಎಲ್ಡೆಲ್ಡು ಸಲ," ಎಂದು ಹೇಳಿ ಕರಿಯಯ್ಯ ನಿಂಗಯ್ಯನ ಕಡೆ ನೋಡಿದ. ಸಾಕ್ಷಿ ಹೇಳಲಿ ಎಂದು ನೋಡಿದ್ದು. ನಿಂಗಯ್ಯ ಬಗ್ಗಿ ಒಂದು ತಿರುಪುಳಿಯನ್ನು ಹುಡುಕತೊಡಗಿದ. ತಿರುಪುಳಿ ಅವನ ಕೈಯಲ್ಲೇ ಇತ್ತು.

"ನಾಳೆಯಿಂದ ಈ ಕಡೆ ತಲೆ ಆಕ್ಬೇಡ," ಅಂದರು ಯಜಮಾನರು. ಕರಿಯಯ್ಯ ಬಟ್ಟೆ ಹಿಂಡಿ, ಒಣಗಲು ಹರವಿ, ಹೋದ.

ಮಾರನೆಯ ದಿನ ನಿಂಗಯ್ಯ ಪೆಟ್ಟಿಗೆಗೆ ಬಟ್ಟೆ ಸೋಡಾ ಹಾಕಿದ ನೀರು ಕಾಯಿಸಿ ಹುಯ್ದು, ಸೈಕಲ್ ಪಂಪಿನಿಂದ ಊದಿ, ಒಳಗಿದ್ದುದನ್ನೆಲ್ಲ ಹೊರಡಿಸಿ ಮತ್ತೆ ಕೂರಿಸಿದ. ಗಾಳಿ ಬಿಸಿಬಿಸಿಯಾಗಿ ಬಂತು. ಯಜಮಾನರು ಬೆನ್ನು ತಟ್ಟಿದರು. ಬೆಳಿಗ್ಗೆ ಕಾರು ಓಡಿಸುವಾಗ ಆ ಬಿಸಿ ಕಾಲಿಗೆ ತಾಗಿದರೆ ಅವನಿಗೆ ಕಾಲನ್ನು ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಕೊಳ್ಳೆ ಹೊಡೆದಿದ್ದರೆ, ಕುಡಿದು ಬಿದ್ದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ಒಂದು ಹೆಸರು ಹೇಳಿದ್ದಕ್ಕೆ ಆಗುತ್ತಿತ್ತು.

ನಾಲ್ಕನೆಯ ದಿನ, ಆದದ್ದಾಗಲಿ, ಕೆಲಸ ಹೋದರೆ ಹೋಗಲಿ ಎಂದು ಗಟ್ಟಿ ಮಾಡಿಕೊಂಡ. ಯಜಮಾನರು ಎದುರು ಮನೆಯ ಅಂಕಯ್ಯನೊಂದಿಗೆ ಜಗಲಿಯ ಮೇಲೆ ಕೂತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದ. ನಿಡಘಟ್ಟ, ಹಿಟ್ಟು, ಕೆಸರೆಂದ ಸುಳ್ಳು. ಹೇಳಿ ಮುಗಿಸಿ ತಲೆ ತಗ್ಗಿಸಿದ. ಏಟು ಬಿದ್ದರೂ ತಿನ್ನಲು ಸಿದ್ಧನಿದ್ದ.

ದೊಡ್ಡಸಿದ್ದಯ್ಯನವರು ಒಂದು ಗಳಿಗೆ ಅವನನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ರಾಗಿ ಇಟ್ಟಾ! ಅಂಕಯ್ಯ, ಕೇಳುದ್ಯೇನಯ್ಯ? ಅಮೆರಿಕಾ ಕಾರಿಗೆ ಮುದ್ದೆ ತಿನ್ಸವ್ನೆ ನಮ್ ಐದ! ಬಡ್ಡೀಮಗ, ತಲೆ ಅದೆ ಕಣಯ್ಯ ಇವನಿಗೆ!" ನಗುತ್ತಾ ಕಣ್ಣೊರೆಸಿಕೊಂಡರು. ಅಂಕಯ್ಯನೂ ನಕ್ಕ.

"ಅಂಗಾರೆ ಕರಿಯಯ್ಯನ್ನ ಕರ್ಕೊಂಬರ್ಲಾ?" ನಿಂಗಯ್ಯ ಕೇಳಿದ.

ನಗು ನಿಂತಿತು. "ಯಾಕೆ? ಬೇರೆಯವನು ಬತ್ತಾವ್ನಲ್ಲ. ಊರ್ ಮುಂದೆ ಓಡ್ಸಿದ ಮ್ಯಾಲೆ ಈಗ ನಾನೇ ಕರ್ದು, ತಪ್ಪಾಯ್ತು ಕಣಪ್ಪ ಅನ್ಲಾ? ಓಗು, ಓಗಿ ಉಣ್ಣೋಗು."

ಅದೇ ತಪ್ಪು. ಮಾಡದಿದ್ದವನ ಹೊಟ್ಟೆಗೆ ಕಲ್ಲು ಬಿತ್ತು, ಮಾಡಿದವನು ಜಾಣನಾದ. ನಿಂಗಯ್ಯ ಉಣ್ಣಲಿಲ್ಲ. ಸೈಕಲ್ ಹತ್ತಿ ಗೆಜ್ಜಲಗೆರೆಗೆ ಹೋದ.

ಕರಿಯಯ್ಯ ಯಾರದೋ ಗದ್ದೆಯಲ್ಲಿ ಕಬ್ಬು ಕಡಿಯುತ್ತಿದ್ದ. ಆ ವಯಸ್ಸಿಗೆ ಆ ಕೆಲಸ ಅಲ್ಲ. ಮುಂಗೈಯೆಲ್ಲ ಗರಿ ಕೊಯ್ದ ಗೆರೆಗಳು. ನಿಂಗಯ್ಯನನ್ನು ಕಂಡು ಮಚ್ಚು ಕೆಳಗಿಟ್ಟು ಬದುವಿಗೆ ಬಂದ.

"ಅದು ಕೆಸರಲ್ಲ ಕರಿಯಯ್ಯ. ರಾಗಿ ಇಟ್ಟು. ನಾನೇ ಆಕಿದ್ದು. ಗೊತ್ತಿದ್ದೂ ನಿನ್ ಎಸ್ರು ಏಳ್ದೆ."

ಕರಿಯಯ್ಯ ಕೈಗೆ ಅಂಟಿದ್ದ ಕಬ್ಬಿನ ಗರಿಯ ಚೂರುಗಳನ್ನು ಕೊಡವಿಕೊಂಡ. ಆಮೇಲೆ ಕೇಳಿದ, "ಇದ್ನ ಯಜಮಾನ್ರಿಗೆ ಏಳುದ್ರಾ?"

"ಏಳ್ದೆ. ಇವತ್ತು."

"ಅಯ್ಯೋ ಸಿವನೇ. ಏನಂದ್ರು?"

ನಕ್ಕರು ಎನ್ನಬೇಕಿತ್ತು. ಬಡ್ಡೀಮಗನಿಗೆ ತಲೆಯಿದೆ ಎಂದು ಮೆಚ್ಚಿಕೊಂಡರು, ಹೋಗಿ ಉಣ್ಣು ಎಂದರು. ಆ ಮಾತನ್ನು ಈ ಮನುಷ್ಯನ ಮುಖ ನೋಡಿ ಹೇಳುವುದು ನಿಂಗಯ್ಯನಿಗೆ ಆಗಲಿಲ್ಲ.

"ಬೈದ್ರು," ಅಂದ. "ಬಾಯಿಗ್ ಬಂದಂಗೆ ಬೈದ್ರು."

ಕರಿಯಯ್ಯನ ಮುಖ ಮೆತ್ತಗಾಯಿತು. ಹೆಗಲ ಮೇಲಿನ ಟವಲು ತೆಗೆದು ಬದುವಿನ ಧೂಳು ಜಾಡಿಸಿ, ಸ್ವಲ್ಪ ದೂರ ಸರಿದು ನಿಂತ.

"ಕುಂತ್ಕಳಿ ನಿಂಗಯ್ನೋರೆ. ಮನ್ಸಿಗೆ ಅಚ್ಕೋಬ್ಯಾಡಿ, ಬುಡಿ. ನನ್ ದೆಸೆಯಿಂದ ನಿಮಗೂ ಬೈಗುಳ ಆಯ್ತಲ್ಲ. ನಂಗೋಸ್ಕರ ಓಗಿ ಬೈಸ್ಕೊಂಡು ಬಂದ್ರಲ್ಲ, ಯಾರ್ ಮಾಡ್ತಾರೆ ಈ ಕಾಲ್ದಲ್ಲಿ?"

ನಿಂಗಯ್ಯ ಕೂತ. ಇಲ್ಲ, ಬೈಯಲಿಲ್ಲ ಎನ್ನಲು ಎರಡು ಸಲ ಬಾಯಿ ತೆರೆದು ಮುಚ್ಚಿದ. ಕರಿಯಯ್ಯ ನಿಂತುಕೊಂಡೇ ಅವನಿಗೆ ಸಮಾಧಾನ ಹೇಳುತ್ತಿದ್ದ.