ಎಡಬಾಗಿಲಿನ ಎರಡು ಬಡಿತ

ದಾವಲಸಾಬ ಓಡಿಸುತ್ತಿದ್ದ ಲಾರಿಗೆ ಎಡಗಡೆ ಒಂದು ಕನ್ನಡಿ ಇತ್ತು. ಅದರಲ್ಲಿ ಹಿಂದಿನ ಗಾಲಿ ಕಾಣುತ್ತಿತ್ತು, ಧೂಳು ಕಾಣುತ್ತಿತ್ತು, ಯಾರದೋ ಹೊಲವೂ ಕಾಣುತ್ತಿತ್ತು. ಬಾಗಿಲಿಗೆ ಅಂಟಿಕೊಂಡಂತೆ ನಿಂತ ಮನುಷ್ಯ ಮಾತ್ರ ಕಾಣುತ್ತಿರಲಿಲ್ಲ. ಆ ಎರಡು ಮಾರು ಜಾಗ ಕಾಯಲಿಕ್ಕೆಂದೇ ಕ್ಲೀನರ್ ನಾಗಣ್ಣ ಹದಿನೈದು ವರ್ಷದಿಂದ ಕಿಟಕಿಯಾಚೆ ಕೈ ಇಳಿಬಿಟ್ಟು ಕೂತಿದ್ದ. ಬಾಗಿಲ ತಗಡಿಗೆ ಒಂದು ಬಡಿತವೆಂದರೆ ನಿಲ್ಲು, ಎರಡೆಂದರೆ ಹೊರಡು. ಬಡಿತವೇ ಬರದಿದ್ದರೆ ದಾವಲಸಾಬ ಬೀಡಿ ಹಚ್ಚಿಕೊಂಡು ಕಾಯುತ್ತಿದ್ದ. “ಸುಮ್ಮನಿದ್ದಿ ಅಂದ್ರ ಯಾರೂ ಇಲ್ಲ ಅಂತಲ್ಲಲೇ, ನೀ ಮಲಗೀದಿ ಅಂತ” ಎನ್ನುತ್ತಿದ್ದ.

ಬಡಿದು ಬಡಿದು ನಾಗಣ್ಣನ ಎಡ ಅಂಗೈ ಎಷ್ಟು ದಡ್ಡುಗಟ್ಟಿತ್ತೆಂದರೆ, ಕುದಿಯುವ ಚಹಾದ ಗ್ಲಾಸು ಹಿಡಿದರೂ ಸುಡುತ್ತಿರಲಿಲ್ಲ.

ಸೋಮವಾರ ತೊಗರಿ ಚೀಲ ಹೇರಿಕೊಂಡು ನೆಲೋಗಿ ಕ್ರಾಸಿನಲ್ಲಿ ಎಡಕ್ಕೆ ತಿರುಗುವಾಗ ಆ ಕೈ ತಾನಾಗಿಯೇ ಎರಡು ಬಡಿಯಿತು. ಕಣ್ಣು ಅತ್ತ ಹೋಗಿರಲೇ ಇಲ್ಲ. ದಿನವೂ ಅದೇ ತಿರುವು, ದಿನವೂ ಅವೇ ಎರಡು ಬಡಿತ. ಸೈಕಲ್ ಮೇಲೆ ಬರುತ್ತಿದ್ದ ಟೇಲರ್ ಕಲ್ಯಾಣಪ್ಪನ ಕಾಲು ಮುರಿಯಿತು.

ಗುರುವಾರ ಇಬ್ಬರೂ ಬಾಳೆಹಣ್ಣು ಹಿಡಿದು ಜೇವರ್ಗಿ ದವಾಖಾನೆಗೆ ಹೋದರು.

“ಅಲ್ರಿ ಸಾಹೇಬ್ರ,” ಕಲ್ಯಾಣಪ್ಪ ಮಲಗಿದಲ್ಲಿಂದಲೇ ಕೇಳಿದ, “ನಿಮ್ಮ ಲಾರಿ ಮನಿಯಷ್ಟು ಅದ, ನನಗ ಕಾಣ್ತು. ನಾ ನಿಮಗ ಕಾಣಲಿಲ್ಲೇನ್ರಿ?”

“ಆ ಜಾಗ ಕನ್ನಡಿಗಿ ಬೀಳೂದಿಲ್ರಿ. ನಾಗ್ಯಾ ಒಂದೇ ಬಡದಿರಬೇಕು, ನನಗ ಎರಡು ಕೇಳ್ಯಾವ. ಕಿವಿ ಹೋಗ್ಯಾವ ನನ್ನವು.”

“ನಂದು ಕಾಲು ಹೋಯ್ತು, ನಿಮ್ಮವು ಕಿವಿ ಹೋದವು. ಈ ನಾಗಣ್ಣಂದು ಏನು ಹೋಗ್ಯದ ಕೇಳ್ರಿ, ಬಾಯೇ ಬಿಡವಲ್ಲ!”

ನಾಗಣ್ಣ ಕೈಯಲ್ಲಿದ್ದ ಬಾಳೆಸಿಪ್ಪೆ ನೋಡುತ್ತ ನಿಂತಿದ್ದ. ದುಃಖ ಬರಬಹುದೆಂದು ಮೂರು ದಿನದಿಂದ ಕಾದಿದ್ದ, ಬಂದಿರಲಿಲ್ಲ. ಹೆದರಿಕೆಯೂ ಬಂದಿರಲಿಲ್ಲ.

ಠಾಣೆಯಿಂದ ಅಂದೇ ಬಿಡಿಸಿಕೊಂಡ ಲಾರಿ ಹೊರಗೆ ನಿಂತಿತ್ತು. ದಾವಲಸಾಬ ಕೀಲಿಕೈಯನ್ನು ಅಂಗೈಯಲ್ಲಿ ತೂಗಿದ. “ನಾಳಿಗಿ ಇದನ್ನ ಮಾಲಕರಿಗಿ ಕೊಟ್ಟು ಬರ್ತೇನಿ. ಕಿವುಡ ಡ್ರೈವರ್ ಆಗಿ ಇನ್ನ ಯಾರನ್ನ ಕೊಲ್ಲಲಿ?”

ಸ್ಟೇರಿಂಗ್ ಬಿಟ್ಟರೆ ಬೇರೆ ಕೆಲಸ ತಿಳಿಯದ ಮನುಷ್ಯ.

“ಉಸ್ತಾದ, ನಿಮ್ಮ ಕಿವಿ ಪಸಂದ ಅದಾವ್ರಿ,” ನಾಗಣ್ಣ ಬಸ್ಸಿನ ವೇಳೆ ಹೇಳುವವನಂತೆ ಹೇಳಿದ. “ನಾ ಎರಡೇ ಬಡದೇನಿ. ಅತ್ತ ನೋಡದೇ ಬಡದೇನಿ.”

ದಾವಲಸಾಬ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದು ಅವನತ್ತ ತಿರುಗಿದ. ಒಂದು ಏಟು ಬಿದ್ದರೂ ಒಳ್ಳೆಯದೇ, ತಾಗುತ್ತದೋ ಇಲ್ಲವೋ ನೋಡಬಹುದು ಎಂದುಕೊಂಡ ನಾಗಣ್ಣ. ಏಟು ಬೀಳಲಿಲ್ಲ.

“ಮೂರು ದಿನ ನನ್ನ ಕಿವಿ ನಾನೇ ಹಿಂಡಿಕೊಂಡೆನಲ್ಲೋ ನಾಗ್ಯಾ.” ಅವನು ಬಾಗಿಲು ತೆರೆದು ಮೇಲೇರಿದ. “ಹತ್ತು. ಇನ್ನ ಮ್ಯಾಲ ತಗಡ ಮುಟ್ಟಬ್ಯಾಡ. ಏನು ಕಾಣ್ತದ ಅದನ್ನ ಬಾಯಿಲೆ ಹೇಳು. ಕೈಗಿ ರೂಢಿ ಆಗ್ತದ. ಹೆಸರು ಹಿಡಿದು ಹೇಳಬೇಕಂದ್ರ ನೋಡಲೇಬೇಕು.”

ನೆಲೋಗಿ ಕ್ರಾಸಿನಲ್ಲಿ ಲಾರಿ ನಿಧಾನವಾಯಿತು. ನಾಗಣ್ಣ ಎಡಗೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದು, ಕುತ್ತಿಗೆ ಹೊರಹಾಕಿದ.

“ಬೇವಿನ ಗಿಡ. ಪಾನ್ ಡಬ್ಬಿ ಅಂಗಡಿ. ಒಂದು ಕುರಿ ಅದ, ದೂರ ಅದ. ಮಂದಿ ಇಲ್ಲ.”

“ಖರೇನ?”

ಅವನು ಮತ್ತೊಮ್ಮೆ ಕೆಳಗೆ ಬಗ್ಗಿ ನೋಡಿದ. “ಖರೇನ್ರಿ.”

ಲಾರಿ ತಿರುಗಿತು. ಒತ್ತಿ ಹಿಡಿದ ಕೈ ಎರಡು ಸಲ ಮಿಸುಕಿದ್ದು ತೊಡೆಗೆ ಗೊತ್ತಾಯಿತು. ಕೈಗೆ ಗೊತ್ತಾಗಲಿಲ್ಲ.